ಗುಬ್ಬಿಯ ಮುರುಕಲು ಶೆಡ್ಡು

ಗುರುಸಿದ್ದಯ್ಯನವರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವರನ್ನು ಬೈಯುವವಳಿದ್ದೇನೆ.

ತುಮಕೂರಿನ ನಮ್ಮ ಆಫೀಸಿಗೆ ಅವರೇ ಅರ್ಥಶಾಸ್ತ್ರಜ್ಞರು. ಜಿಲ್ಲೆಯಲ್ಲಿ ಸರ್ಕಾರ ಯಾವ ಹೊಸ ಕೆಲಸಕ್ಕೆ ಕೈ ಹಾಕಬಹುದು, ಯಾವುದಕ್ಕೆ ಕೂಡದು ಎಂದು ಅಭಿಪ್ರಾಯ ಬರೆಯುವುದು ಅವರ ಕೆಲಸ. ಅವರು ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ನನ್ನ ಹೆಸರು ಶಕುಂತಲಮ್ಮ. ಎಪ್ಪತ್ತನಾಲ್ಕರಲ್ಲಿ ಕೆಲಸಕ್ಕೆ ಸೇರಿ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದಾಗ, ಅಷ್ಟು ದೂರವೇ ಎಂದು ಆಫೀಸಿನವರೆಲ್ಲ ಮರುಗಿದ್ದರು. ಈಗ ಅದೇ ಬಟವಾಡಿಯಲ್ಲಿ ರಸ್ತೆ ದಾಟಲು ಆಟೋಗಳು ಬಿಡುವುದಿಲ್ಲ. ಅದು ಹಾಗಿರಲಿ.

ಗುರುಸಿದ್ದಯ್ಯನವರ ಹುಟ್ಟೂರು ಕುಣಿಗಲ್ ತಾಲ್ಲೂಕಿನ ಅಮೃತೂರು. ಮಠದ ಹಾಸ್ಟೆಲಿನಲ್ಲಿ ಉಂಡು ಓದಿ, ಮೈಸೂರಿನಲ್ಲಿ ಎಂ.ಎ. ಮಾಡಿ, ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಇಲಾಖೆಗೆ ಬಂದವರು. ಎಲೆಯಲ್ಲಿ ಅನ್ನ ಬಿಟ್ಟವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಗುಂಡುಸೂಜಿ ನೆಲಕ್ಕೆ ಬಿದ್ದರೂ ತಾವೇ ಬಗ್ಗಿ ಎತ್ತಿ ಡಬ್ಬಿಗೆ ಹಾಕುತ್ತಿದ್ದರು. ರೈತರ ಮೇಲೆ ಅವರಿಗೆ ಬಹಳ ಗೌರವ. ಬೆಂಗಳೂರಿನ ಸಾಹೇಬರು ಯಾರಾದರೂ ಬಂದು, ನಿಮ್ಮ ಕಡೆಯ ರೈತರು ಹೊಸದೇನನ್ನೂ ಒಪ್ಪುವುದಿಲ್ಲ, ಬುದ್ಧಿ ಸಾಲದು ಎಂದರೆ ಗುರುಸಿದ್ದಯ್ಯನವರ ಮುಖ ಕೆಂಪಾಗುತ್ತಿತ್ತು. ರೈತ ದಡ್ಡನಲ್ಲ ಸ್ವಾಮಿ, ಅವನು ಒಂದು ಕೆಲಸ ಮಾಡುತ್ತಿಲ್ಲ ಎಂದರೆ ಅದರಲ್ಲಿ ಲಾಭವಿಲ್ಲ ಎಂದೇ ಅರ್ಥ ಎಂದು ವಾದಕ್ಕೆ ನಿಲ್ಲುತ್ತಿದ್ದರು.

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ನನಗೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಯಾರಾದರೂ ಒಂದು ಹೊಸ ವಿಚಾರ ಹಿಡಿದುಕೊಂಡು ಅವರ ಮೇಜಿನ ಮುಂದೆ ನಿಂತರೆ, ಆ ಒಳ್ಳೆಯ ಮಾತೇ ದೊಣ್ಣೆಯಾಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಲಾಭ ಇದ್ದಿದ್ರೆ ಇಷ್ಟೊತ್ತಿಗೆ ಯಾರಾದ್ರೂ ಮಾಡಿರ್ತಿದ್ರಲ್ಲ?" ಎನ್ನುತ್ತಿದ್ದರು. ಇದಕ್ಕೆ ಯಾರು ತಾನೇ ಏನು ಉತ್ತರ ಹೇಳಿಯಾರು? ಬಂದವರು ಮುಖ ಸಪ್ಪಗೆ ಮಾಡಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ನಾನು ಒಳಗೆ ಹೋಗಿ ಶಾರ್ಟ್‌ಹ್ಯಾಂಡ್ ಪುಸ್ತಕ ಬಿಡಿಸುತ್ತಿದ್ದೆ. ಅವರು ಏನು ಹೇಳುತ್ತಾರೆಂದು ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿರುತ್ತಿತ್ತು.

ಎಪ್ಪತ್ತೆಂಟರಲ್ಲಿ ಉಮಾಮಹೇಶ್ವರಿ ಬಂದಳು. ಕಾಲೇಜಿನಲ್ಲಿ ಗುರುಸಿದ್ದಯ್ಯನವರ ಶಿಷ್ಯೆ. ಅವರೇ ಅರ್ಜಿ ಹಾಕಿಸಿ, ಸಂದರ್ಶನಕ್ಕೆ ಓದಿಸಿ, ತಮ್ಮ ಕೈಕೆಳಗೆ ಸಹಾಯಕಿಯಾಗಿ ಕರೆತಂದಿದ್ದರು. ಯಾವ ಮೀಟಿಂಗಿಗೆ ಹೋದರೂ "ಇವಳು ನನ್ನ ಶಿಷ್ಯೆ" ಎಂದು ಪರಿಚಯಿಸುವಾಗ ಅವರ ದನಿಯೇ ಬೇರೆ ಆಗುತ್ತಿತ್ತು. ಅವಳಿಗೂ ಅವರೆಂದರೆ ತಂದೆಯಷ್ಟು ಭಕ್ತಿ. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿಕೊಂಡು ಕೂತರೆ ಅನ್ನ ಆರಿ ತಣ್ಣಗಾದರೂ ವಾದ ಮುಗಿಯುತ್ತಿರಲಿಲ್ಲ. ಅವಳ ವಿಚಾರ ಹುಟ್ಟಿದ್ದೂ ಅಂಥ ಒಂದು ಊಟದಲ್ಲೇ.

ಗುಬ್ಬಿ ಕಡೆ ತೆಂಗಿನಕಾಯಿ ಸುಲಿಯುವುದನ್ನು ಅವಳು ಚಿಕ್ಕಂದಿನಿಂದ ನೋಡಿದವಳು. ನೆಲದಲ್ಲಿ ಹಾರೆ ನೆಟ್ಟು, ಅದರ ಮೊನೆಗೆ ಕಾಯಿ ಕುಕ್ಕಿ ಮಟ್ಟೆ ಬಿಡಿಸುವುದು. ಸೊಂಟ ಬಿದ್ದುಹೋಗುವ ಕೆಲಸ. ಇದಕ್ಕೊಂದು ಮಿಷನ್ನು ಮಾಡಬೇಕೆಂದು ಊರಿಗೊಬ್ಬನಾದರೂ ಹೊರಟೇ ಇರುತ್ತಾನೆ. ಮಾಡುತ್ತಾನೆ, ಅದು ಕೆಡುತ್ತದೆ, ಕಬ್ಬಿಣಕ್ಕೆ ಸುರಿದದ್ದು ಮಣ್ಣುಪಾಲು. ಊರವರು ಜಗಲಿಯ ಮೇಲೆ ಕೂತು ನಗುತ್ತಾರೆ. ಆದರೆ ನಗುತ್ತಲೇ, ಹೀಗೆ ಮಾಡಿದರೆ ಕೆಡುತ್ತದೆ ಎಂಬ ಬುದ್ಧಿಯನ್ನು ಬಿಟ್ಟಿಯಾಗಿ ಕಲಿಯುತ್ತಾರೆ. ಕೆಟ್ಟವನು ಒಬ್ಬ, ಕಲಿತದ್ದು ಊರೆಲ್ಲ. ಇದನ್ನು ಕಂಡ ಇನ್ನೊಬ್ಬ ಜನ್ಮದಲ್ಲಿ ಹೊಸದಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ, ಯಾರೂ ಮಾಡಿಲ್ಲ ಎಂದರೆ ಲಾಭವಿಲ್ಲ ಎಂದರ್ಥವಲ್ಲ ಸರ್, ಮೊದಲು ಕೆಡುವವನ ನಷ್ಟವನ್ನು ಹೊರುವವರಿಲ್ಲ ಎಂದರ್ಥ ಎಂದು ಉಮಾ ಹೇಳಿದಳು. ಆ ನಷ್ಟವನ್ನು ಸರ್ಕಾರ ಹೊರಬೇಕು. ಗುಬ್ಬಿಯಲ್ಲಿ ಒಂದು ಶೆಡ್ಡು, ಅದರಲ್ಲೊಂದು ಲೇತು, ವೆಲ್ಡಿಂಗ್ ಸೆಟ್ಟು, ಒಂದಿಷ್ಟು ಕಬ್ಬಿಣ. ಯಾರು ಬೇಕಾದರೂ ಬಂದು ತಲೆಯಲ್ಲಿರುವುದನ್ನು ಮಾಡಿ ನೋಡಲಿ. ಕೆಟ್ಟರೆ ಏನೂ ಕೊಡಬೇಕಾಗಿಲ್ಲ. ಒಂದೇ ಕರಾರು: ಕೆಟ್ಟದ್ದನ್ನು ಮನೆಗೆ ಒಯ್ದು ಬಚ್ಚಿಡಬಾರದು. ಶೆಡ್ಡಿನ ಗೋಡೆಗೆ ನೇತುಹಾಕಿ, ಯಾಕೆ ಕೆಟ್ಟಿತೆಂದು ಮುಂದೆ ಬರುವವನಿಗೆ ಹೇಳಬೇಕು.

ಗುರುಸಿದ್ದಯ್ಯನವರು ನಕ್ಕರು. ನಷ್ಟ ಮಾಡುವುದಕ್ಕೆ ಸರ್ಕಾರ ಶೆಡ್ಡು ಕಟ್ಟಿಕೊಡಬೇಕೇನಮ್ಮಾ ಎಂದರು. ಆದರೆ ಶಿಷ್ಯೆಯ ಮುಖ ನೋಡಿ ಪೂರ್ತಿ ಇಲ್ಲವೆನ್ನಲೂ ಮನಸ್ಸು ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ಟಿಪ್ಪಣಿ ಬರೆಸಿದರು. ಮೂರು ವರ್ಷ ನಡೆಸಿ ನೋಡತಕ್ಕದ್ದು. ಆಮೇಲೆ ತಾವೇ ಹೋಗಿ ಪರಿಶೀಲಿಸುವುದು. ಫಲ ಕಂಡುಬಂದರೆ ಕುಣಿಗಲ್ಲಿನಲ್ಲೂ ಒಂದು ತೆರೆಯುವುದು. ಕಾಣದಿದ್ದರೆ ಮುಚ್ಚಿ, ಉಮಾ ಮತ್ತೆ ಕೊಬ್ಬರಿಯ ಬೆಲೆ ಬರೆಯುವ ವಿಭಾಗಕ್ಕೆ ಮರಳುವುದು. ಅವಳು ಕುಣಿದಾಡಿಬಿಟ್ಟಳು.

ಗುಬ್ಬಿಯಲ್ಲಿ ಒಂದು ಹಳೆಯ ಕೊಬ್ಬರಿ ಗೋದಾಮು ಸಿಕ್ಕಿತು. ನೋಡಿಕೊಳ್ಳಲು ರುದ್ರಯ್ಯ ಸಿಕ್ಕಿದ. ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ಮನುಷ್ಯ, ನಲವತ್ತರ ಮೇಲಿನ ವಯಸ್ಸು. ಹಣೆಯ ವಿಭೂತಿ ಎಂಥ ಬೆವರಿಗೂ ಅಳಿಸುತ್ತಿರಲಿಲ್ಲ. ಲೇತಿಗೆ ಕೈಮುಗಿಯದೆ ಒಂದು ದಿನವೂ ಕೆಲಸ ಶುರು ಮಾಡಿದವನಲ್ಲ.

ಮೊದಲು ಬಂದವನು ಹತ್ತಿರದ ಹಳ್ಳಿಯ ಚಿಕ್ಕರಂಗಯ್ಯ. ಕಾಲಲ್ಲಿ ಪೆಡಲ್ ತುಳಿದರೆ ಕಬ್ಬಿಣದ ಎರಡು ದವಡೆಗಳು ಬಾಯಿ ಬಿಟ್ಟು ಮಟ್ಟೆಯನ್ನು ಸೀಳುವಂತೆ ಒಂದು ಮಿಷನ್ನು ಮಾಡಿದ. ದವಡೆ ಮತ್ತೆ ಮುಚ್ಚಿಕೊಳ್ಳಲು ಹಳೇ ಲಾರಿಯ ಸ್ಪ್ರಿಂಗು. ಎಲ್ಲರೂ ಭೇಷ್ ಎಂದರು. ಆದರೆ ಸುಲಿದ ಕಾಯಿ ತೆಗೆಯಲು ಕೈ ಹಾಕಿದಾಗ ಪೆಡಲಿನಿಂದ ಕಾಲು ಒಂದಿಷ್ಟು ಜಾರಿತು, ದವಡೆ ಪಟ್ಟನೆ ಮುಚ್ಚಿತು. ಪುಣ್ಯಕ್ಕೆ ಅಂಗೈಯ ಚರ್ಮ ಕಿತ್ತು ಹೋಯಿತೇ ಹೊರತು ಮೂಳೆ ಉಳಿಯಿತು. ರುದ್ರಯ್ಯ ಆ ಮಿಷನ್ನನ್ನು ಬಾಗಿಲಿನ ಎದುರಿನ ಗೋಡೆಗೇ ನೇತುಹಾಕಿದ. ಬಂದವರಿಗೆಲ್ಲ ಮೊದಲು ಅದನ್ನು ತೋರಿಸಿ, ಈ ಸ್ಪ್ರಿಂಗಿಗೆ ತಡೆಯಿಲ್ಲ, ಇದು ಕೈ ಹಿಡಿಯುತ್ತೆ ಎಂದು ಹೇಳುತ್ತಿದ್ದ. ಎರಡನೆಯವನು ಸ್ಪ್ರಿಂಗು ಬಿಟ್ಟು ಭಾರದ ಕಲ್ಲು ಕಟ್ಟಿದ. ಅದು ಬೇರೆ ರೀತಿ ಕೆಟ್ಟಿತು, ಅದೂ ಗೋಡೆಗೆ ಹೋಯಿತು. ಮೂರನೆಯವನದು ಕೈ ಹಿಡಿಯಲಿಲ್ಲ, ಮಟ್ಟೆಯ ಜೊತೆಗೆ ಕಾಯಿಯನ್ನೂ ಒಡೆಯಿತು. ಹೀಗೆ ಗೋಡೆ ತುಂಬುತ್ತಾ ಹೋಯಿತು. ಒಬ್ಬ ಕೆಟ್ಟ ಜಾಗದಿಂದ ಇನ್ನೊಬ್ಬ ಶುರು ಮಾಡುತ್ತಿದ್ದ. ಊರಿನಲ್ಲಿ ಜನ ಅದನ್ನು ಮುರುಕಲು ಶೆಡ್ಡು ಎಂದೇ ಕರೆದರು.

ಉಮಾ ವಾರಕ್ಕೊಮ್ಮೆ ಬಸ್ಸು ಹತ್ತಿ ಗುಬ್ಬಿಗೆ ಹೋಗಿ, ಸೀರೆಗೆ ಗ್ರೀಸು ಮೆತ್ತಿಕೊಂಡು ಬರುತ್ತಿದ್ದಳು. ಬಂದವಳೇ ನನ್ನ ಮೇಜಿನ ಮೇಲೆ ಕೂತು, ಈ ವಾರ ಏನು ಕೆಟ್ಟಿತು ಎಂದು ಹೇಳಲು ಶುರು ಮಾಡುತ್ತಿದ್ದಳು. ಮಗು ಹೊಸ ಮಾತು ಕಲಿತದ್ದನ್ನು ತಾಯಂದಿರು ಹೇಳುವುದಿಲ್ಲವೇ, ಆ ರೀತಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ರೇಗಿಸುತ್ತಿದ್ದೆ. ಹೆಗ್ಗಣವೇ ಇರಲಿ, ನೋಡುತ್ತಿರಿ ಎನ್ನುತ್ತಿದ್ದಳು. ಮನೆಯಲ್ಲಿ ತಂದ ಎರಡು ಗಂಡುಗಳನ್ನು ಶೆಡ್ಡಿನ ಪರಿಶೀಲನೆ ಮುಗಿಯಲಿ ಎಂದು ಮುಂದೂಡಿದ್ದಳು. ಅವಳ ಜೀವವೆಲ್ಲ ಆ ಗೋಡೆಯ ಮೇಲಿತ್ತು.

ಎಂಬತ್ತೊಂದರಲ್ಲಿ ಪರಿಶೀಲನೆಯ ದಿನ ಬಂತು. ಜೀಪಿನಲ್ಲಿ ಮುಂದೆ ಗುರುಸಿದ್ದಯ್ಯನವರು, ಹಿಂದೆ ನಾನು ಮತ್ತು ಉಮಾ. ದಾರಿಯುದ್ದಕ್ಕೂ ಅವಳು, ಮೊದಲು ಗೋಡೆ ನೋಡಿ ಸರ್, ಬಾಗಿಲಿನ ಎದುರಿನದರಿಂದ ಶುರುಮಾಡಿ ಸರ್ ಎಂದು ಹೇಳುತ್ತಲೇ ಇದ್ದಳು. ನನ್ನ ಕಣ್ಣಲ್ಲಿ ನಾನೇ ನೋಡುತ್ತೇನೆ ಬಿಡಮ್ಮಾ ಎಂದು ಅವರು ನಕ್ಕರು.

ಶೆಡ್ಡಿನ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಹೊಸಿಲಿಗೆ ರಂಗೋಲಿ. ಒಳಗೆ ಕಾಲಿಟ್ಟೆವು. ನಾಲ್ಕೂ ಗೋಡೆಗೆ ಬೆಳ್ಳಗೆ ಸುಣ್ಣ ಬಳಿದಿತ್ತು, ಒಂದು ಮೊಳೆ ಕೂಡ ಇರಲಿಲ್ಲ. ನಡುವೆ ಹಸಿರು ಬಣ್ಣದ ಎರಡು ಮಿಷನ್ನುಗಳು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಒಂದು ಕಡಲೆಕಾಯಿ ಬಿಡಿಸುವುದು, ಇನ್ನೊಂದು ರಾಗಿ ತೂರುವುದು. ಎರಡನ್ನೂ ನಾನು ತುಮಕೂರಿನ ಒಂದು ಅಂಗಡಿಯ ಮುಂದೆ ದಿನಾ ನೋಡುತ್ತಿದ್ದೆ. ಕಂಪನಿಯ ಹೆಸರು ಕೆತ್ತಿದ ತಗಡಿನ ಮೇಲೆ ಏನೂ ಕಾಣದ ಹಾಗೆ ಮೂರು ಬೆರಳಿನ ದಪ್ಪ ವಿಭೂತಿ ಬಳಿದಿತ್ತು.

ರುದ್ರಯ್ಯ ಹೊಸ ಪಂಚೆ ಉಟ್ಟು ಕೈಮುಗಿದು ನಿಂತಿದ್ದ. ಉಮಾ ಅವನ ಬಳಿ ಓಡಿ, ಗೋಡೆ ಮೇಲಿದ್ದವೆಲ್ಲ ಎಲ್ಲಿ ಎಂದು ಕೇಳಿದಳು. ಹಿತ್ತಲಲ್ಲಿ ತೆಂಗಿನ ಗರಿ ಮುಚ್ಚಿ ಇಟ್ಟಿದ್ದೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ, ನೀವು ಧೈರ್ಯವಾಗಿರಿ ಎಂದು ಅವನು ಪಿಸುಗುಟ್ಟಿದ. ಅವಳ ಮುಖದ ಬಣ್ಣ ಹೋದದ್ದನ್ನು ನೋಡಿ ಅವನಿಗೂ ಗಾಬರಿಯಾಯಿತು.

"ಹೆಣ್ಣು ತೋರ್ಸೋವಾಗ ಹರಕ್ಲು ಸೀರೆ ಉಡ್ಸ್ತಾರಾ ಮೇಡಮ್ಮೋರೆ?" ಎಂದ. "ಪಕ್ಕದ್ ಮನೇಲಿ ಸರ ಈಸ್ಕೊಂಡಾದ್ರೂ ಹಾಕಲ್ವಾ? ನಿಮ್ ಮಾನ ಉಳೀಲಿ ಅಂತ ಮಾಡ್ದೆ ಕಣವ್ವಾ."

ಇದರಲ್ಲಿ ಅವನ ತಪ್ಪೇನು ಹೇಳಿ. ನಮ್ಮ ಕಡೆ ಹೆಣ್ಣು ನೋಡಲು ಬರುತ್ತಾರೆಂದರೆ ಮನೆಗೆ ಸುಣ್ಣ ಬಳಿಯುತ್ತಾರೆ, ಪಕ್ಕದ ಮನೆಯಿಂದ ಕುರ್ಚಿ ತರುತ್ತಾರೆ, ಚಿಕ್ಕಮ್ಮನ ಬಳೆ ತೊಡಿಸುತ್ತಾರೆ. ಅದು ಎರವಲೆಂದು ಬಂದವರಿಗೂ ಗೊತ್ತು. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ದೊಡ್ಡ ಸಾಹೇಬರು ಮನೆಗೆ ಬರುವಾಗ ಮುರಿದ ಕಬ್ಬಿಣವನ್ನು ಎದುರಿಗೆ ತೂಗುಹಾಕುವುದು ಅವನ ಪಾಲಿಗೆ ಬಂದವರಿಗೆ ಮಾಡುವ ಅವಮಾನ.

ಗುರುಸಿದ್ದಯ್ಯನವರು ಮಿಷನ್ನುಗಳನ್ನು ಮುಟ್ಟಿ, ವಿಭೂತಿಯನ್ನು ಬೆರಳಲ್ಲಿ ತೆಗೆದು ಹಣೆಗಿಟ್ಟುಕೊಂಡರು. ಹಿಡಿಕೆ ತಿರುಗಿಸಿದರು. ಕಡಲೆಕಾಯಿ ಹಾಕಿಸಿದರು. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ಬಿದ್ದದ್ದನ್ನು ನೋಡಿ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಮ್ಮ ಶಿಷ್ಯೆಯ ಶೆಡ್ಡಿನಲ್ಲಿ ಇಂಥ ಮಿಷನ್ನು ತಯಾರಾಯಿತಲ್ಲ ಎಂದು ಎದೆಯುಬ್ಬಿಸಿ ನಿಂತರು.

ಊಟಕ್ಕೆ ಎಲೆ ಹಾಕಿದ್ದರು. ಒಬ್ಬಟ್ಟು ಬಡಿಸುತ್ತಿರುವಾಗಲೇ ಅವರು ನನಗೆ ಬರೆದುಕೊಳ್ಳಲು ಹೇಳಿದರು. ಯೋಜನೆ ಫಲ ಕೊಟ್ಟಿದೆ. ಕುಣಿಗಲ್ಲಿನಲ್ಲಿ ಒಂದು, ಮುಂದೆ ಅಮೃತೂರಿನಲ್ಲೂ ಒಂದು ತೆರೆಯಬಹುದು. ಇನ್ನು ಮೇಲೆ ಶೆಡ್ಡಿನಲ್ಲಿ ಇಂಥ ಸಿದ್ಧ ಮಿಷನ್ನುಗಳನ್ನು ಮಾತ್ರ ಮಾಡಿ ಮಾರತಕ್ಕದ್ದು. ಪ್ರಯೋಗದ ಹೆಸರಿನಲ್ಲಿ ಕಬ್ಬಿಣ ಹಾಳುಮಾಡುವುದು ನಿಲ್ಲತಕ್ಕದ್ದು. ನಾನು ಎಲೆಯ ಪಕ್ಕದಲ್ಲೇ ಪುಸ್ತಕ ಬಿಡಿಸಿ ಬರೆದುಕೊಂಡೆ. ಉಮಾ ಎಲೆ ಮುಟ್ಟಿರಲಿಲ್ಲ. ಅವಳು ಬಾಯಿ ತೆರೆಯುತ್ತಾಳೆಂದು ನನಗೆ ಗೊತ್ತಾಯಿತು. ಸುಮ್ಮನಿದ್ದುಬಿಡು ತಾಯಿ, ಶೆಡ್ಡು ಉಳಿದುಕೊಳ್ಳುತ್ತೆ ಎಂದು ಅವಳ ಮೊಣಕೈ ತಿವಿದೆ.

"ಉಳ್ಕೊಳ್ಳೋದು ಯಾವ ಶೆಡ್ಡು, ಶಕುಂತಲಮ್ಮಾ?" ಎಂದಳು.

ಎದ್ದು ನಿಂತು ಹೇಳಿಯೇಬಿಟ್ಟಳು. ಈ ಮಿಷನ್ನುಗಳು ನಮ್ಮವಲ್ಲ, ಅಂಗಡಿಯಿಂದ ಎರವಲು ತಂದವು. ನಮ್ಮವು ಹಿತ್ತಲಲ್ಲಿವೆ. ದಯವಿಟ್ಟು ಬಂದು ಅವನ್ನು ನೋಡಿ ಸರ್. ಗುರುಸಿದ್ದಯ್ಯನವರು ಎಲೆಯಲ್ಲಿದ್ದುದನ್ನು ಪೂರ್ತಿ ಉಂಡರು, ಕೈ ತೊಳೆದರು, ಹಿತ್ತಲಿಗೆ ನಡೆದರು. ಗರಿಗಳನ್ನು ತಾವೇ ಎಳೆದು ಬದಿಗೆ ಹಾಕಿದರು.

ಅವರು ಅವಸರ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಒಂದೊಂದನ್ನೂ ಎತ್ತಿ ನೋಡಿದರು. ಉಮಾ ಒಂದೊಂದರ ಕಥೆಯನ್ನೂ ಹೇಳಿದಳು, ಅವಳ ದನಿ ಏರುತ್ತಿತ್ತು. ಅವರು ವೈವಾ ಪರೀಕ್ಷೆಯಲ್ಲಿ ಕೂತ ಮೇಷ್ಟರಂತೆ ತಲೆ ತಗ್ಗಿಸಿ ಕೇಳಿದರು. ಕೊನೆಗೆ ಚಿಕ್ಕರಂಗಯ್ಯನ ಮಿಷನ್ನನ್ನು ಎತ್ತಿ ಹಿಡಿದು, ಇದನ್ನು ಯಾರು ಕೊಂಡರು ಎಂದು ಕೇಳಿದರು. ಯಾರೂ ಇಲ್ಲ, ಇದು ಕೈ ಹಿಡಿಯುತ್ತೆ ಎಂದಳು. ಹಾಗಾದರೆ ಇದರಿಂದ ಯಾರಿಗೆ ಏನು ಸಿಕ್ಕಿತು ಎಂದರು. ಇದನ್ನು ನೋಡಿದವರು ಯಾರೂ ಮತ್ತೆ ಹೀಗೆ ಮಾಡಲಿಲ್ಲ, ಅವರ ಕೈ ಉಳಿಯಿತು ಎಂದಳು.

ಅವರು ಮಿಷನ್ನನ್ನು ಮೆಲ್ಲಗೆ ಕೆಳಗಿಟ್ಟರು.

"ಸಿಕ್ಕಿಹಾಕ್ಕೊಳ್ದೇ ಇರೋ ಕೈಯನ್ನ ನಾನು ಯಾವ ಕಾಲಂನಲ್ಲಿ ಬರೀಲಿ, ಹೇಳಮ್ಮಾ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಓದಿದ ಮನುಷ್ಯ, ಉಳಿದ ಕೈ ಕಾಣುವುದಿಲ್ಲ ಎಂದರೆ ಅದು ಕೈಯ ತಪ್ಪೋ ಕಾಲಂನ ತಪ್ಪೋ ಎಂದು ಯೋಚಿಸಬಾರದೇ? ವಾಪಸ್ ಬರುವಾಗ ಜೀಪಿನಲ್ಲಿ ಅವರು ಒಂದೇ ಮಾತು ಆಡಿದರು. ಫಲ ಎಂದರೆ ಏನೆಂದು ರುದ್ರಯ್ಯನಿಗೆ ಗೊತ್ತಿದೆ, ಎರವಲಾದರೂ ತಂದು ತೋರಿಸಿದ, ನಿನಗೆ ಅದೂ ಗೊತ್ತಾಗಲಿಲ್ಲವಲ್ಲ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನೊಂದುಕೊಂಡು ಹೇಳಿದ್ದು. ಅದಕ್ಕೇ ಅವಳಿಗೆ ಹೆಚ್ಚು ನಾಟಿತು.

ಶೆಡ್ಡು ಮುಚ್ಚಿತು. ಆರ್ಡರು ಟೈಪ್ ಮಾಡಿದವಳು ನಾನೇ. ಲೇತು ಇನ್ನೊಂದು ಊರಿಗೆ ಹೋಯಿತು. ಹಿತ್ತಲಲ್ಲಿದ್ದುದನ್ನೆಲ್ಲ ಹರಾಜು ಹಾಕಿದರು, ಗುಜರಿಯವನು ತೂಕ ಹಾಕಿ ಎತ್ತಿಕೊಂಡು ಹೋದ. ಉಮಾ ಕೊಬ್ಬರಿ ಬೆಲೆಯ ವಿಭಾಗಕ್ಕೆ ಮರಳಿದಳು. ಗುರುಶಿಷ್ಯರು ಮಾತು ಬಿಡಲಿಲ್ಲ. ಮತ್ತೆ ಒಟ್ಟಿಗೆ ಡಬ್ಬಿ ಬಿಚ್ಚತೊಡಗಿದರು, ಆದರೆ ಈಗ ಅನ್ನ ಬಿಸಿಯಾಗಿರುವಾಗಲೇ ಊಟ ಮುಗಿಯುತ್ತಿತ್ತು. ಶಿಷ್ಯೆಯನ್ನು ಒಂದು ತಪ್ಪು ದಾರಿಯಿಂದ ಉಳಿಸಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಮುಂದಿನ ವರ್ಷ ಅವಳ ಮದುವೆಗೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋದರು.

ಅವರು ನಿವೃತ್ತರಾದಾಗ ಅವರ ಕುರ್ಚಿಗೆ ಉಮಾ ಬಂದಳು. ಅವರು ಸಿದ್ಧಪಡಿಸಿದ ಫಾರಂಗಳೇ ಉಳಿದುಕೊಂಡವು. ಯೋಜನೆಯ ಹೆಸರು, ಬೇಕಾದ ಸಾಮಗ್ರಿ, ಇದುವರೆಗೆ ಕಂಡ ಫಲ, ಅದರ ಬೆಲೆ ರೂಪಾಯಿಗಳಲ್ಲಿ. ದಿನಾ ಅವನ್ನೇ ತುಂಬಿಸಬೇಕು, ದಿನಾ ಅವನ್ನೇ ಓದಬೇಕು. ಅವಳು ಒಳ್ಳೆಯ ಅಧಿಕಾರಿ ಎಂದು ಹೆಸರು ಮಾಡಿದಳು. ತಪ್ಪಿಲ್ಲದ ಟಿಪ್ಪಣಿ, ಗಟ್ಟಿ ಪ್ರಶ್ನೆ. ಒಂದು ದಿನ ಅವಳ ಮೇಜಿನಿಂದ ಗುಂಡುಸೂಜಿ ಬಿತ್ತು. ಅವಳು ಬಗ್ಗಿ, ಎತ್ತಿ, ಡಬ್ಬಿಗೆ ಹಾಕಿದಳು.

ಎಂಬತ್ತೇಳರಲ್ಲಿ ಬೆಂಗಳೂರಿನಿಂದ ಒಂದು ಸುತ್ತೋಲೆ ಬಂತು. ಗ್ರಾಮೀಣ ತಂತ್ರಜ್ಞಾನಕ್ಕೆ ಪ್ರೋತ್ಸಾಹ ಕೊಡಬೇಕಂತೆ, ಹೊಸ ವಿಚಾರಗಳಿದ್ದರೆ ಜಿಲ್ಲೆಯಿಂದ ಕಳಿಸಬೇಕಂತೆ. ಪೇಪರಿನಲ್ಲಿ ಬಂದದ್ದೇ ತಡ, ಆಫೀಸಿನ ಮುಂದೆ ಜನವೋ ಜನ. ಒಂದು ಮಧ್ಯಾಹ್ನ ಆ ಸಾಲಿನಲ್ಲಿ ರುದ್ರಯ್ಯ ನಿಂತಿದ್ದ. ತಲೆ ಬೆಳ್ಳಗಾಗಿತ್ತು, ವಿಭೂತಿ ಹಾಗೇ ಇತ್ತು. ಶೆಡ್ಡು ಮುಚ್ಚಿದ ಮೇಲೆ ಗುಬ್ಬಿಯಲ್ಲಿ ಸ್ಕೂಟರ್ ರಿಪೇರಿ ಮಾಡಿಕೊಂಡಿದ್ದ. ಜೊತೆಯಲ್ಲಿ ಅಂಜಿನಪ್ಪ ಎಂಬ ಮೂವತ್ತರ ಆಸುಪಾಸಿನವನು, ಅಮೃತೂರಿನವನು. ಬೆಳಿಗ್ಗೆ ಪ್ರೈವೇಟ್ ಬಸ್ಸು ಹತ್ತಿ ಕುಣಿಗಲ್ಲಿಗೆ ಬಂದು, ಅಲ್ಲಿಂದ ತುಮಕೂರಿಗೆ ಬಂದಿದ್ದ. ತೋಟಗಳಲ್ಲಿ ಕಾಯಿ ಸುಲಿಯುವ ಕೂಲಿ ಅವನದು. ಬಲಗೈಯನ್ನು ಟವಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತ.

ನಾನು ಇಬ್ಬರನ್ನೂ ಒಳಗೆ ಬಿಟ್ಟು, ಬರೆದುಕೊಳ್ಳಲು ಪಕ್ಕದಲ್ಲಿ ಕೂತೆ. ರುದ್ರಯ್ಯನನ್ನು ಕಂಡು ಉಮಾ ಎದ್ದು ನಿಂತಳು, ಮಕ್ಕಳ ಕ್ಷೇಮ ಕೇಳಿದಳು, ಕಾಫಿ ತರಿಸಿದಳು. ಅವನು ಬಂದದ್ದು ಆ ಶೆಡ್ಡನ್ನು ಮತ್ತೆ ಕೇಳಲು. ಗುಬ್ಬಿಯಲ್ಲಾದರೂ ಸರಿ, ಅಮೃತೂರಿನಲ್ಲಾದರೂ ಸರಿ, ಹಿಂದಿನ ಹಾಗೇ ಗೋಡೆಗೆಲ್ಲ ನೇತುಹಾಕುವ ಶೆಡ್ಡು ಬೇಕು. ಈ ಸಲ ಏನನ್ನೂ ಬಚ್ಚಿಡುವುದಿಲ್ಲ ಎಂದು ನಗಲು ನೋಡಿದ. ಉಮಾ ಕೇಳಿಸಿಕೊಳ್ಳುತ್ತಾ ಫಾರಂ ಎಳೆದುಕೊಂಡಳು. ಹಿಂದಿನ ಶೆಡ್ಡಿನಲ್ಲಿ ಶುರುವಾದ ಯಾವ ಮಿಷನ್ನಾದರೂ ಈಗ ಬಳಕೆಯಲ್ಲಿದೆಯೇ ಎಂದು ಕೇಳಿದಳು. ಇಲ್ಲ, ಅರ್ಧಕ್ಕೇ ನಿಂತಿತಲ್ಲ ಎಂದ. ಕಾಯಿ ಸುಲಿಯುವುದನ್ನು ಆಮೇಲೆ ಸ್ವಂತ ಖರ್ಚಿನಲ್ಲಿ ಯಾರಾದರೂ ಮುಂದುವರಿಸಿದರೇ ಎಂದಳು. ಗುಬ್ಬಿ ಕಡೆ ಯಾರೂ ಇಲ್ಲ ಎಂದ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಲಾಭ ಇದ್ದಿದ್ರೆ ಇಷ್ಟೊತ್ತಿಗೆ ಯಾರಾದ್ರೂ ಮಾಡಿರ್ತಿದ್ರಲ್ಲ, ರುದ್ರಯ್ಯನವ್ರೇ?" ಎಂದಳು.

ನನ್ನ ಪೆನ್ಸಿಲು ನಿಂತಿತು. ತಲೆಯೆತ್ತಿ ಅವಳನ್ನು ನೋಡಿದೆ. ಅವಳಿಗೆ ತಾನು ಏನಂದೆನೆಂದು ಇನ್ನೂ ಕೇಳಿಸಿರಲಿಲ್ಲ. ಕನ್ನಡಕ ಹಾಕಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.

"ಇವ್ನು ಮಾಡ್ದ ಕಣವ್ವಾ" ಎಂದ ರುದ್ರಯ್ಯ.

ಅಂಜಿನಪ್ಪ ಟವಲು ಬಿಚ್ಚಿದ. ಬಲಗೈಯ ತೋರುಬೆರಳು, ನಡುಬೆರಳು ಬುಡದಿಂದಲೇ ಇರಲಿಲ್ಲ. ಗಾಯ ಮಾಗಿತ್ತು, ಚರ್ಮ ಇನ್ನೂ ಕೆಂಪಗಿತ್ತು. ಆದದ್ದನ್ನು ರುದ್ರಯ್ಯನೇ ಹೇಳಿದ. ಯಾರಿಗೂ ಹೇಳದೆ ಮನೆಯ ಹಿಂದೆ ತಾನೇ ಯೋಚಿಸಿ ಮಾಡಿದನಂತೆ. ಕಾಲಲ್ಲಿ ತುಳಿಯುವ ಪೆಡಲು, ಎರಡು ದವಡೆ, ಮುಚ್ಚಿಕೊಳ್ಳಲು ಹಳೇ ಲಾರಿಯ ಸ್ಪ್ರಿಂಗು. ಕಾಯಿ ತೆಗೆಯಲು ಕೈ ಹಾಕಿದಾಗ ಕಾಲು ಜಾರಿತಂತೆ. ಆಸ್ಪತ್ರೆಯಲ್ಲಿದ್ದಾಗ ಸುದ್ದಿ ಗುಬ್ಬಿಯವರೆಗೂ ಬಂತು. ರುದ್ರಯ್ಯ ಹೋಗಿ ಮಿಷನ್ನು ನೋಡಿದನಂತೆ. ಚಿಕ್ಕರಂಗಯ್ಯನ ಮಿಷನ್ನೇ, ಅಚ್ಚು ಹೊಡೆದ ಹಾಗೆ.

ಉಮಾ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಆ ಹಳೆಯದು ಈಗ ಎಲ್ಲಿದೆ ಎಂದು ಕೇಳಿದಳು. ಗೊತ್ತಿದ್ದೂ ಯಾಕೆ ಕೇಳಿದಳೋ.

"ತೂಕಕ್ಕೆ ಹಾಕುದ್ರಲ್ಲವ್ವಾ, ಹರಾಜಲ್ಲಿ" ಎಂದ ರುದ್ರಯ್ಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಗ್ವಾಡೆ ಮ್ಯಾಲೆ ಇದ್ದಿದ್ರೆ ಬಂದು ನೋಡ್ತಿದ್ದ. ಬಾಯಲ್ ಹೇಳಾನ ಅಂದ್ರೆ, ಇವ್ನು ಅಮೃತೂರಲ್ಲಿ ಕುಂತು ಇದ್ನೇ ಮಾಡ್ತಾವ್ನೆ ಅಂತ ನಂಗೇನ್ ಗೊತ್ತು?"

ಅವಳು ಸ್ವಲ್ಪ ಹೊತ್ತಿಗೆ ಮುಂಚೆ ತಾನಾಡಿದ ಮಾತನ್ನು ಈಗ ಕೇಳಿಸಿಕೊಂಡಳು. ಅದು ಅವಳ ಮುಖದಲ್ಲೇ ಕಂಡಿತು. ಕಿವಿಯವರೆಗೂ ಕೆಂಪಾಗಿ, ಅಂಜಿನಪ್ಪನ ಕಡೆ ನೋಡಲಾರದೆ ಕಿಟಕಿಯ ಕಡೆ ನೋಡಿದಳು. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಗುರುಸಿದ್ದಯ್ಯನವರು ಮನೆಯಲ್ಲಿ ಹಾಯಾಗಿ ಪೇಪರು ಓದುತ್ತಿದ್ದಾರು, ಅವರ ಮಾತು ಮಾತ್ರ ಇಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಅಂಜಿನಪ್ಪ ಎಡಗೈಯಲ್ಲಿ ಟವಲು ಸುತ್ತಿಕೊಳ್ಳಲು ಹೋದ. ಅದು ಜಾರುತ್ತಿತ್ತು. ಬೇಡ, ಹಾಗೇ ಇರಲಿ ಎಂದು ಉಮಾ ಹೇಳಿದಳು. ಆಮೇಲೆ ನನಗೆ ಹೊಸ ಫಾರಂ ತರಲು ಹೇಳಿದಳು. ಪೆನ್ಸಿಲು ಬೇಡ, ನೇರ ಟೈಪ್ ಮಾಡಿ ಎಂದಳು. ನಾನು ಹೊರಗಿನಿಂದ ಟೈಪ್ ಮಿಷನ್ನು ತಂದು ಅವಳ ಮೇಜಿನ ತುದಿಯಲ್ಲೇ ಇಟ್ಟುಕೊಂಡು ಹಾಳೆ ಏರಿಸಿದೆ.

ಯೋಜನೆಯ ಹೆಸರು ಏನೆಂದು ಕೇಳಿದೆ. ಮುರುಕಲು ಶೆಡ್ಡು ಎಂದಳು. ಸಾಮಗ್ರಿ ಹೇಳಿದಳು, ಲೇತು, ವೆಲ್ಡಿಂಗ್ ಸೆಟ್ಟು, ನಾಲ್ಕು ಗೋಡೆ, ಮೊಳೆ. ಅದನ್ನೂ ಹೊಡೆದೆ. ಮುಂದಿನ ಕಾಲಂ ಬಂತು: ಇದುವರೆಗೆ ಕಂಡ ಫಲ. ನಾನು ಬೆರಳು ತಡೆದು ಅವಳನ್ನು ನೋಡಿದೆ.

"ಸಿಕ್ಕಿಹಾಕ್ಕೊಳ್ದೇ ಇದ್ದ ಕೈಗೆ ಕಾಲಂ ಇರ್ಲಿಲ್ಲ" ಎಂದಳು ಉಮಾ. "ಇದಕ್ಕಿದೆ. ಅಂಜಿನಪ್ಪನ ಎರಡು ಬೆರಳು ಅಂತ ಹೊಡೀರಿ, ಶಕುಂತಲಮ್ಮಾ."

ಹೊಡೆದೆ. ಅದರ ಪಕ್ಕದಲ್ಲಿ ಬೆಲೆ ರೂಪಾಯಿಗಳಲ್ಲಿ ಎಂದಿತ್ತು. ಆ ಜಾಗ ಖಾಲಿ ಬಿಟ್ಟು, ಹಾಳೆ ಎಳೆದು ಸಹಿಗೆ ಅವಳ ಮುಂದೆ ಇಟ್ಟೆ.